ಕಾಯಿಲೆ ಮರುಕಳಿಸಿದೆ, ನಮ್ಮ ನಂಬಿಕೆ ಸುಳ್ಳೇ?

ಪ್ರಶ್ನೆ: ನಾನು ದಾವಣಗೆರೆಯ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟಿದ್ದೇನೆ. ನಮ್ಮದು ಲಿಂಗಾಯತ ಮನೆತನ. ತಂದೆಯವರು ಈಗಲೂ ಇಷ್ಟಲಿಂಗ ಪೂಜೆ ಮುಗಿಸದೆ ಊಟ ಮಾಡುವುದಿಲ್ಲ. ನನ್ನ ಪತ್ನಿಗೆ ಚಿಕ್ಕಂದಿನಿಂದ ಮೂರ್ಛೆರೋಗವಿದೆ. ಎರಡು ವರ್ಷದ ಹಿಂದೆ ಗೆಳೆಯರೊಬ್ಬರು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಆಮೇಲೆ ಒಂದು ವರ್ಷ ಮೂರ್ಛೆ ಬರಲಿಲ್ಲ. ಯೇಸು ದೇವರೆಂದು ನಂಬಿದೆವು, ಜಗಲಿಯ ಮೇಲೆ ಯೇಸುವಿನ ಪಟವನ್ನೂ ಇಟ್ಟೆವು, ಕೂಟದ ಹಿರಿಯರ ಮಾತಿನಂತೆ ಮಾತ್ರೆ ನಿಲ್ಲಿಸಿದೆವು. ಈ ಯುಗಾದಿಯ ನಂತರ ಎರಡು ಸಲ ಮೂರ್ಛೆ ಬಂದಿದೆ. ನಿಮ್ಮ ನಂಬಿಕೆಯಲ್ಲಿ ಕೊರತೆ ಇದೆ, ಬೇಗ ದೀಕ್ಷಾಸ್ನಾನ (ಕ್ರೈಸ್ತರಾಗಿ ಸೇರುವ ಸ್ನಾನ) ಮಾಡಿಸಿಕೊಳ್ಳಿ, ಹೆಸರು ಬದಲಿಸಿಕೊಳ್ಳಿ, ಹೆಂಡತಿ ಕುಂಕುಮ ಬಿಡಲಿ ಎನ್ನುತ್ತಿದ್ದಾರೆ. ಅಣ್ಣ ಮಾತು ಬಿಟ್ಟಿದ್ದಾನೆ. ಸುವಾರ್ತೆ ಎಂದರೆ ನಿಜಕ್ಕೂ ಏನು? ನಾವು ಕ್ರೈಸ್ತರಾಗಿದ್ದೇವೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಮಾತ್ರೆಯ ವಿಷಯ. ಉಳಿದದ್ದನ್ನು ನಿಧಾನವಾಗಿ ಓದಬಹುದು, ಇದನ್ನು ತಡಮಾಡುವ ಹಾಗಿಲ್ಲ. ನಾಳೆಯೇ ನಿಮ್ಮ ಪತ್ನಿಯನ್ನು ನರರೋಗ ತಜ್ಞರ ಬಳಿಗೆ ಕರೆದುಕೊಂಡು ಹೋಗಿ, ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ. ಮೂರ್ಛೆರೋಗದ ಔಷಧವನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ಮೂರ್ಛೆ ಮರಳುವುದಲ್ಲದೆ, ಒಂದರ ಹಿಂದೊಂದು ಬಂದು ಜೀವಕ್ಕೇ ಕುತ್ತಾಗಬಹುದು. ಹಳೆಯ ಚೀಟಿ ನೋಡಿ ನೀವೇ ಮಾತ್ರೆ ಶುರು ಮಾಡುವುದೂ ಬೇಡ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ. ಮೊದಲ ಕಾಲದ ಕ್ರೈಸ್ತ ಬೋಧಕ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ತನ್ನ ಜೊತೆಗಾರ ಲೂಕನನ್ನು ಪ್ರಿಯ ವೈದ್ಯನೆಂದು ಕರೆಯುತ್ತಾನೆ. ಔಷಧ ಬಿಡುವುದೇ ನಂಬಿಕೆಯ ಗುರುತು ಎಂದು ಕಲಿಸುವವರಿಗೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಒಂದು ವಾಕ್ಯವೂ ಆಧಾರ ಕೊಡುವುದಿಲ್ಲ.

ನಿಮ್ಮ ಕಾಗದದಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಮಾತು ‘ನಂಬಿಕೆಯಲ್ಲಿ ಕೊರತೆ’ ಎಂಬುದು. ಕಾಯಿಲೆಯ ಭಾರ ಹೊತ್ತ ಹೆಣ್ಣುಮಗಳ ತಲೆಯ ಮೇಲೆ ಅಪರಾಧದ ಭಾರವನ್ನೂ ಹೇರುವ ಮಾತು ಅದು. ಹುಟ್ಟುಕುರುಡನೊಬ್ಬನನ್ನು ತೋರಿಸಿ, ಇವನು ಕುರುಡನಾಗಿ ಹುಟ್ಟಲು ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಇವನೂ ಅಲ್ಲ, ಅವರೂ ಅಲ್ಲ ಎಂದು ನೇರವಾಗಿ ಹೇಳಿದ್ದು, ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲೊಂದಾದ ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಪೌಲನಿಗೆ ಶರೀರದಲ್ಲಿ ನಾಟಿದ ಮುಳ್ಳಿನಂಥ ಒಂದು ಬಾಧೆ ಇತ್ತು. ಅದು ತೊಲಗಲೆಂದು ಮೂರು ಸಾರಿ ಬೇಡಿಕೊಂಡ, ತೊಲಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಅವನ ಶಿಷ್ಯ ತಿಮೊಥೆಗೆ ಮೇಲಿಂದ ಮೇಲೆ ಹೊಟ್ಟೆಯ ಬೇನೆ ಬರುತ್ತಿತ್ತು. ತ್ರೊಫಿಮನೆಂಬ ಸಹಾಯಕನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬರಬೇಕಾಯಿತು. ಇವರ ನಂಬಿಕೆಯಲ್ಲಿ ಕೊರತೆ ಇತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಮೂರ್ಛೆ ಎಂದರೆ ದೆವ್ವದ ಕಾಟ ಎಂದೂ ಯಾರಾದರೂ ನಿಮ್ಮ ಪತ್ನಿಯ ಕಿವಿಯಲ್ಲಿ ಊದಿರಬಹುದು. ಬಿದ್ದು ಒದ್ದಾಡುವ ಹುಡುಗನಿಂದ ಯೇಸು ದೆವ್ವ ಬಿಡಿಸಿದ ಕಥೆಯಿರುವ ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯವನ್ನು ಹಿಡಿದುಕೊಂಡು ಹಾಗೆ ಹೇಳುವವರಿದ್ದಾರೆ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದ 24ನೆಯ ವಚನವನ್ನು ಅವರಿಗೆ ತೆರೆದು ತೋರಿಸಿ. ಯೇಸುವಿನ ಬಳಿಗೆ ತಂದವರ ಪಟ್ಟಿಯಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛಾರೋಗಿಗಳು ಬೇರೆ. ಸುವಾರ್ತೆ ಬರೆದವರಿಗೇ ಆ ವ್ಯತ್ಯಾಸ ಗೊತ್ತಿತ್ತು. ಮಾರ್ಕನ ಆ ಅಧ್ಯಾಯದಲ್ಲಿ ನಿಮಗೆ ಬೇಕಾದದ್ದು ಬೇರೆಯೇ ಇದೆ. ಬಿದ್ದು ಒದ್ದಾಡುವ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿಯೂ ನನಗೆ ನೆರವಾಗು ಎಂದು ಕೂಗಿಕೊಳ್ಳುತ್ತಾನೆ. ಅರೆಮನಸ್ಸಿನ ಆ ಕೂಗನ್ನು ಯೇಸು ತಳ್ಳಿಬಿಡಲಿಲ್ಲ. ನಂಬಿಕೆಯನ್ನು ತೂಕಕ್ಕೆ ಹಾಕಿ, ಇಷ್ಟಾದರೆ ಗುಣ, ಇಷ್ಟಾಗದಿದ್ದರೆ ಇಲ್ಲ ಎನ್ನುವ ಲೆಕ್ಕ ಅವನದಾಗಿರಲಿಲ್ಲ.

ಗುಣವಾಗಲೆಂದು ಹೋದದ್ದು ತಪ್ಪೇನೂ ಅಲ್ಲ. ಪಕ್ಕದ ಹರಿಹರದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಆರೋಗ್ಯ ಮಾತೆಯ ಹಬ್ಬಕ್ಕೆ ಎಲ್ಲ ಜಾತಿ ಮತದವರೂ ಮೇಣದ ಬತ್ತಿ ಹಿಡಿದು ಬರುತ್ತಾರೆ. ನೋವು ಮನುಷ್ಯನನ್ನು ದೇವರ ಬಾಗಿಲಿಗೆ ತರುತ್ತದೆ. ಯೇಸುವಿನ ಬಳಿಗೆ ಬಂದವರಲ್ಲಿ ಬಹುಪಾಲು ಜನ ಹಾಗೆಯೇ ಬಂದವರು, ಅವನು ಅವರನ್ನು ಕನಿಕರದಿಂದ ಮುಟ್ಟಿದ. ಆದರೆ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗಿ, ಅವರಲ್ಲಿ ಒಬ್ಬನೇ ಹಿಂತಿರುಗಿ ಬಂದು ಪಾದಕ್ಕೆ ಬಿದ್ದ ಕಥೆಯನ್ನು ಲೂಕನು ಸುಮ್ಮನೆ ಬರೆದಿಟ್ಟಿಲ್ಲ. ಒಂಬತ್ತು ಮಂದಿಗೆ ಆರೋಗ್ಯ ಸಿಕ್ಕಿತು, ಅಷ್ಟಕ್ಕೇ ಅವರ ಕೆಲಸ ಮುಗಿಯಿತು. ನಿಮ್ಮ ಮನೆಯಲ್ಲಿ ಆ ಒಂದು ವರ್ಷದ ನೆಮ್ಮದಿಯನ್ನೇ ಸುವಾರ್ತೆ ಎಂದುಕೊಂಡಿರಿ. ಹಾಗಾಗಿ ಮೂರ್ಛೆ ಮರಳಿದಾಗ ಸುವಾರ್ತೆಯೇ ಕುಸಿದಂತೆ ಕಾಣುತ್ತಿದೆ.

ಹಾಗಾದರೆ ಸುವಾರ್ತೆ ಏನು? ಪೌಲನು ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಅದನ್ನು ನಾಲ್ಕೇ ಸಾಲಿನಲ್ಲಿ ಹೇಳಿದ್ದಾನೆ, ಅದೂ ತಾನು ಕಟ್ಟಿದ್ದಲ್ಲ, ಇತರರಿಂದ ಪಡೆದು ಒಪ್ಪಿಸುತ್ತಿರುವುದು ಎಂದು. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಪ್ರಮುಖ ಶಿಷ್ಯ ಪೇತ್ರನಿಗೂ ಹನ್ನೆರಡು ಮಂದಿ ಶಿಷ್ಯರಿಗೂ ಆಮೇಲೆ ಐನೂರಕ್ಕೂ ಹೆಚ್ಚು ಸಹೋದರರಿಗೂ ಕಾಣಿಸಿಕೊಂಡನು. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಬೇಕಾದರೆ ಹೋಗಿ ಕೇಳಿ ಎಂಬಂತೆ. ಯೂದಾಯದಲ್ಲಿ ಪೊಂತ್ಯ ಪಿಲಾತ ಅಧಿಪತಿಯಾಗಿದ್ದ ಕಾಲದಲ್ಲಿ, ಕ್ರಿ.ಶ. 26ರಿಂದ 36ರ ನಡುವೆ, ಒಂದು ಊರಿನ ಹೊರಗೆ ನಡೆದ ಸಂಗತಿ ಇದು. ಒಳ್ಳೆಯವರಾಗಿ, ಸುಳ್ಳಾಡಬೇಡಿ, ಬಡವರಿಗೆ ನೀಡಿ ಎಂಬ ಬೋಧನೆ ಇದಕ್ಕಿಂತ ಹಿಂದೆಯೂ ಲೋಕದಲ್ಲಿತ್ತು. ನಮ್ಮ ನೆಲದಲ್ಲಿ 12ನೆಯ ಶತಮಾನದ ಶರಣರು ಅದನ್ನು ಎಷ್ಟು ಚೂಪಾಗಿ ಹೇಳಿದರೆಂದು ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ತಂದೆಯವರ ಬಾಯಲ್ಲಿ ಆ ವಚನಗಳಿರುತ್ತವೆ. ಸುವಾರ್ತೆಯೂ ಅಂಥದೇ ಇನ್ನೊಂದು ಬೋಧನೆ ಎಂದಾದರೆ ನೀವು ಮನೆ ಬಿಟ್ಟು ಇನ್ನೊಂದು ಕಡೆ ಹುಡುಕುವ ಅಗತ್ಯವೇ ಇಲ್ಲ. ಸುವಾರ್ತೆ ಮೊದಲಿಗೆ ದೇವರು ಏನು ಮಾಡಿದನು ಎಂಬುದನ್ನು ಸಾರುತ್ತದೆ. ನಾವು ಏನು ಮಾಡಬೇಕು ಎಂಬುದು ಅದರ ಹಿಂದೆ ಬರುತ್ತದೆ. ಈ ಕ್ರಮ ತಲೆಕೆಳಗಾದರೆ ಎಲ್ಲವೂ ತಲೆಕೆಳಗಾಗುತ್ತದೆ.

‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವುದು ನಮ್ಮ ಹಳ್ಳಿಗಳ ನ್ಯಾಯ. ಅದರಲ್ಲಿ ಸತ್ಯವಿದೆ, ಸತ್ಯವೇದವೂ ಬಿತ್ತಿದ್ದನ್ನೇ ಕೊಯ್ಯುವೆ ಎನ್ನುತ್ತದೆ. ಆ ನ್ಯಾಯದ ಮುಂದೆ ನಿಂತಾಗ ನಾನು ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ. ಯಾರಿಗೂ ಕಾಣದಂತೆ ಮಾಡಿದ್ದು, ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದು, ಒಳಗೊಳಗೇ ಸಾಕಿದ ದ್ವೇಷ, ದೇವರನ್ನು ದೇವರೆಂದು ಗೌರವಿಸದೆ ನಮ್ಮ ಕೆಲಸಕ್ಕೆ ಬಳಸಿಕೊಂಡದ್ದು, ಎಲ್ಲವನ್ನೂ ನಾವೇ ಉಣ್ಣಬೇಕಾಗಿತ್ತು. ಶಿಲುಬೆಯ ಮೇಲೆ ನಾವು ಮಾಡಿದ್ದನ್ನು ಇನ್ನೊಬ್ಬನು ಉಂಡ ಎಂಬುದೇ ಸುವಾರ್ತೆಯ ತಿರುಳು. ಉಂಡವನು ಯಾರೋ ಬಡಪಾಯಿಯಲ್ಲ. ನಮ್ಮ ಮೇಲೆ ತೀರ್ಪು ಹೇಳುವ ಹಕ್ಕಿದ್ದವನೇ ಕೆಳಗಿಳಿದು ಬಂದು ತೀರ್ಪನ್ನು ತನ್ನ ಮೈಮೇಲೆ ತೆಗೆದುಕೊಂಡ. ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಒಂದು ಮಾತಿದೆ, ದಲಾಲಿ ಅಂಗಡಿಯವರಾದ ನಿಮಗೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. ನಮಗೆ ವಿರೋಧವಾಗಿದ್ದ ಸಾಲದ ಪತ್ರವನ್ನು ದೇವರು ಅಳಿಸಿ, ಶಿಲುಬೆಗೆ ಮೊಳೆ ಹೊಡೆದು ತೆಗೆದುಹಾಕಿದನಂತೆ. ಸಾಲಗಾರ ಕಂತು ಕಟ್ಟಿ ತೀರಿಸಿದ್ದಲ್ಲ, ಬಡ್ಡಿ ಮನ್ನಾ ಆಗಿ ಅಸಲು ಉಳಿದದ್ದೂ ಅಲ್ಲ. ಸಾಲ ಕೊಟ್ಟವನೇ ನಷ್ಟ ಹೊತ್ತು ಪತ್ರ ಹರಿದ. ಮೂರನೆಯ ದಿನದ ಪುನರುತ್ಥಾನ ಆ ಹರಿದ ಪತ್ರಕ್ಕೆ ದೇವರು ಹಾಕಿದ ರುಜು.

ಇದನ್ನು ಕೇಳಿದ ಮನುಷ್ಯ ಮಾಡಬೇಕಾದದ್ದೇನು? ಯೇಸು ಗಲಿಲಾಯದಲ್ಲಿ ಬಾಯಿ ತೆರೆದ ಮೊದಲ ದಿನಗಳಲ್ಲಿಯೇ ಹೇಳಿದ: ದೇವರ ರಾಜ್ಯ ಹತ್ತಿರ ಬಂತು, ತಿರುಗಿಕೊಳ್ಳಿರಿ, ಸುವಾರ್ತೆಯನ್ನು ನಂಬಿರಿ. ತಿರುಗುವುದು, ನಂಬುವುದು, ಇವೆರಡನ್ನೂ ಬೇರೆಬೇರೆ ಮಾಡಲಾಗದು. ದಾವಣಗೆರೆಗೆ ಬೆನ್ನು ಹಾಕದೆ ಚಿತ್ರದುರ್ಗಕ್ಕೆ ಮುಖ ಮಾಡುವುದು ಆಗುವುದಿಲ್ಲವಷ್ಟೇ. ಬರೀ ನಂಬಿಕೆ, ಯೇಸು ದೇವರು ಎಂದು ಒಪ್ಪಿಕೊಳ್ಳುವ ನಂಬಿಕೆ, ಸಾಲದು. ದೆವ್ವಗಳೂ ದೇವರೊಬ್ಬನೇ ಎಂದು ನಂಬಿ ನಡುಗುತ್ತವೆ ಎಂದು ಯಾಕೋಬನು ತನ್ನ ಪತ್ರದಲ್ಲಿ ಹೇಳುತ್ತಾನೆ. ನನ್ನ ಒಳ್ಳೆಯತನವನ್ನು ಕೆಳಗಿಟ್ಟು, ನನ್ನ ಕೆಡುಕನ್ನು ಒಪ್ಪಿಕೊಂಡು, ಇನ್ನು ಮುಂದೆ ನನ್ನ ಬಾಳು ನಿನ್ನದು ಎಂದು ಒಪ್ಪಿಸಿಕೊಡುವ ನಂಬಿಕೆಯನ್ನು ಸುವಾರ್ತೆ ಕೇಳುತ್ತದೆ. ಇದನ್ನೂ ನಾವು ಸಂಪಾದಿಸುವುದಿಲ್ಲ. ಕೃಪೆಯಿಂದಲೇ ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ ಎಂದು ಎಫೆಸದವರ ಪತ್ರ ಹೇಳಿ, ಒಡನೆಯೇ ಸತ್ಕ್ರಿಯೆಗಳಿಗಾಗಿಯೇ ನಾವು ನಿರ್ಮಿತರಾದೆವು ಎನ್ನುತ್ತದೆ. ಕ್ರಿಯೆಯಿಂದ ರಕ್ಷಣೆಯಿಲ್ಲ, ರಕ್ಷಣೆ ಬಂದ ಮನೆಯಲ್ಲಿ ಕ್ರಿಯೆ ಇಲ್ಲದೆ ಇರುವುದೂ ಇಲ್ಲ.

ಜಕ್ಕಾಯನನ್ನು ನೋಡಿ. ಯೆರಿಕೋವಿನ ಸುಂಕದ ಗುತ್ತಿಗೆದಾರ, ದುಡ್ಡು ಮಾಡಿದವನು, ಜನರ ಶಾಪ ತಿಂದವನು. ಯೇಸು ಅವನಿಗೆ ಉಪದೇಶ ಮಾಡಿದ್ದು ಲೂಕನ 19ನೆಯ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು ಎಂದು ಅವನ ಹೆಸರು ಹಿಡಿದು ಕರೆದ, ಅಷ್ಟೇ. ಊರೇ ಮುಟ್ಟದವನ ಮನೆಗೆ ಅತಿಥಿಯಾಗಿ ಹೋದ. ಆಮೇಲೆ ಜಕ್ಕಾಯನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದ. ಕೃಪೆ ಮೊದಲು ಬಂತು, ಲೆಕ್ಕದ ಪುಸ್ತಕ ಹಿಂದೆಯೇ ತೆರೆಯಿತು. ಪುಸ್ತಕ ತೆರೆದ ಮೇಲೆಯೇ ಯೇಸು ಈ ಮನೆಗೆ ಇಂದು ರಕ್ಷಣೆ ಆಯಿತು ಎಂದದ್ದು.

ನಿಮ್ಮದೇ ಕಸುಬಿನ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಹೆಸರು, ಊರು ಬೇಡ. ಜಗಳೂರು ಕಡೆಯ ರೈತರ ಜೋಳ ಅವರ ಅಂಗಡಿಗೆ ಬರುತ್ತಿತ್ತು. ಚೀಲದೊಳಗೆ ಕೈ ತೂರಿಸಿ ತೇವ ಹೆಚ್ಚಿದೆ ಎನ್ನುವುದು, ಸೂಟ್ ಹೆಸರಿನಲ್ಲಿ ತೂಕದಿಂದ ಕ್ವಿಂಟಲಿಗಿಷ್ಟು ಹಿಡಿಯುವುದು, ಅಧಿಕೃತ ರಸೀದಿಯ ಬದಲು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುವುದು ಎಲ್ಲವೂ ನಡೆದಿತ್ತು. ಮಾರುಕಟ್ಟೆಯಲ್ಲಿ ಅದನ್ನು ಯಾರೂ ಪಾಪವೆಂದು ಕರೆಯುತ್ತಿರಲಿಲ್ಲ. ಅವರು ಕ್ರೈಸ್ತ ಸಭೆಗೆ ಬರಲು ಶುರು ಮಾಡಿ ಬಹಳ ಕಾಲವಾಗಿತ್ತು, ಹಾಡುಗಳೆಲ್ಲ ಬಾಯಿಪಾಠವಾಗಿದ್ದವು. ಒಂದು ದಿನ ಕೆಂಪು ಬಟ್ಟೆಯ ರಟ್ಟಿನ ಹಳೆಯ ಖಾತೆ ಪುಸ್ತಕಗಳನ್ನು ನನ್ನ ಮುಂದೆ ತಂದಿಟ್ಟರು. ಪುಟಪುಟದಲ್ಲಿಯೂ ಪೆನ್ಸಿಲಿನಿಂದ ಸುತ್ತು ಹಾಕಿದ ಹೆಸರುಗಳು. ಇವರಿಗೆಲ್ಲ ನಾನು ಕೊಡಬೇಕು ಎಂದರು. ಮೊದಲು ಹೋದದ್ದು ಒಬ್ಬ ವಿಧವೆಯ ಮನೆಗೆ, ನಾನೂ ಜೊತೆಗಿದ್ದೆ. ದಲಾಲಿ ಬಂದಿದ್ದು ಕಂಡು ಸಾಲ ವಸೂಲಿಗೆಂದೇ ತಿಳಿದು ಆಕೆ ಒಳಗೆ ಹೋಗಿ, ಅಜ್ಜಿ ಮನೆಯಲ್ಲಿಲ್ಲ ಎಂದು ಮೊಮ್ಮಗನಿಂದ ಹೇಳಿಸಿದಳು. ಇವರು ಹುಡುಗನ ಕೈಯಲ್ಲಿ ಹಣ ಇಟ್ಟು, ನಿಮ್ಮ ಅಜ್ಜನ ಜೋಳದ ತೂಕದಲ್ಲಿ ನಾನು ಹಿಡಿದಿದ್ದು ಎಂದರು. ಅಲ್ಲಿ ಮಿಷನ್ನಿನ ಮಾತು, ಮತದ ಮಾತು ಒಂದೂ ಆಡಲಿಲ್ಲ. ನಾನು ಅಂದು ಕಂಡದ್ದನ್ನು ಮನಃಪರಿವರ್ತನೆ ಎಂದು ಕರೆಯುತ್ತೇನೆ. ನೀವೂ ನಿಮ್ಮ ಅಂಗಡಿಯ ತಕ್ಕಡಿಯನ್ನು, ತೇವ ಅಳೆಯುವ ಯಂತ್ರವನ್ನು, ಚೀಟಿ ಪುಸ್ತಕವನ್ನು ಯೇಸುವಿನ ಮುಂದೆ ಇಟ್ಟು ನೋಡಿ. ಹಿಂಜರಿಕೆ ಎಲ್ಲಿ ಬರುತ್ತದೋ ಅಲ್ಲಿ ಇನ್ನೂ ಒಪ್ಪಿಸದ ಜಾಗವಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಸತ್ಯವೇದದಲ್ಲಿದೆ, ಬೋಧಕರು ಅದನ್ನು ಹೆಚ್ಚು ಹೇಳುವುದಿಲ್ಲ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ ಸೀಮೋನ ಸಮಾರ್ಯದಲ್ಲಿ ಮಂತ್ರ ಮಾಟ ಮಾಡಿಕೊಂಡಿದ್ದವನು. ಅವನೂ ನಂಬಿದ ಎಂದೇ ಲೂಕ ಬರೆಯುತ್ತಾನೆ, ದೀಕ್ಷಾಸ್ನಾನವೂ ಆಯಿತು, ಬೋಧಕ ಫಿಲಿಪ್ಪನ ಹಿಂದೆಯೇ ತಿರುಗಾಡಿದ. ಅದ್ಭುತಗಳನ್ನು ಕಂಡು ಬೆರಗಾದ. ಪವಿತ್ರಾತ್ಮನ ಅಧಿಕಾರ ಕೊಡಿರೆಂದು ಅಪೊಸ್ತಲರಿಗೆ, ಅಂದರೆ ಯೇಸು ಕಳುಹಿಸಿದ ಪ್ರಮುಖ ಶಿಷ್ಯರಿಗೆ, ಹಣ ಚಾಚಿದ. ನಿನ್ನ ಹೃದಯ ದೇವರ ಮುಂದೆ ಸರಿಯಾಗಿಲ್ಲ ಎಂದು ಪೇತ್ರ ಮುಖಕ್ಕೆ ಹೊಡೆದಂತೆ ಹೇಳಿದ. ನೀರಿನಲ್ಲಿ ಮುಳುಗಿ ಎದ್ದವನ ಮನಸ್ಸು ತಿರುಗಿರಲಿಲ್ಲ. ಆದ್ದರಿಂದ ದೀಕ್ಷಾಸ್ನಾನ ಆದರೆ ಮೂರ್ಛೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಸೀಮೋನನ ವ್ಯಾಪಾರವನ್ನೇ ಹಿಂದುಮುಂದು ಮಾಡಿದ್ದು. ಇಂಥ ವಾಗ್ದಾನ ಕೊಟ್ಟು ಕೊಡುವ ದೀಕ್ಷಾಸ್ನಾನಕ್ಕೆ ನೀವು ಒಪ್ಪಬೇಡಿ ಎಂದು ಒಬ್ಬ ಕ್ರೈಸ್ತ ಬೋಧಕನಾಗಿ ನಾನೇ ಹೇಳುತ್ತಿದ್ದೇನೆ. 2021ರಲ್ಲಿ ಹೊಸದುರ್ಗದ ಮತಾಂತರದ ಮಾತು ವಿಧಾನಸಭೆಯಲ್ಲಿ ಎದ್ದ ಮೇಲೆ ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಈ ವಿಷಯ ಬಂದರೆ ಧ್ವನಿಗಳು ಏರುತ್ತವೆ. ನಾನು ಹೇಳುವುದು ಇಷ್ಟೇ: ಆಮಿಷದಿಂದ, ಹೆದರಿಕೆಯಿಂದ, ಗುಣವಾಗುವ ಭರವಸೆಯ ಮೇಲೆ ಆದದ್ದು ಕಾನೂನಿಗೆ ಮೊದಲು ಸುವಾರ್ತೆಗೇ ವಿರೋಧ. ಹಾಗೆಯೇ, ತಿಳಿದು ಒಪ್ಪಿ ಮನಸ್ಸು ತಿರುಗಿಸಿದವನನ್ನು ತಡೆಯುವ ಹಕ್ಕೂ ಯಾರಿಗೂ ಇಲ್ಲ. ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದಲೇ ಶುರುವಾಗುತ್ತದೆ.

ಹೆಸರಿನ ಪ್ರಶ್ನೆಗೆ ಬರುತ್ತೇನೆ. ಬದಲಿಸಬೇಕಾಗಿಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಅಪೊಸ್ತಲರೂ ಹಿರಿಯರೂ ಕೂಡಿ ಇದೇ ಬಗೆಯ ಪ್ರಶ್ನೆಯನ್ನು ಬಗೆಹರಿಸಿದರು. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿದರೆ ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕೇ? ಬೇಡ, ನಾವೂ ಹೊರಲಾರದ ನೊಗವನ್ನು ಅವರ ಮೇಲೆ ಹೇರಬೇಡಿ ಎಂದ ಪೇತ್ರ. ಹೊಸ ಒಡಂಬಡಿಕೆಯ ಸಭೆಯಲ್ಲಿ ಅಪೊಲ್ಲೋಸ ಎಂಬವನಿದ್ದ, ಗ್ರೀಕರ ಅಪೊಲ್ಲೋ ದೇವನ ಹೆಸರು ಹೊತ್ತವನು. ಎಪಫ್ರೊದೀತ ಎಂಬವನಿದ್ದ, ಅಫ್ರೊದೀತೆ ದೇವಿಯ ಹೆಸರಿನವನು. ಪೌಲನು ಇಬ್ಬರನ್ನೂ ಅದೇ ಹೆಸರಿನಿಂದ ಪ್ರೀತಿಯಿಂದ ಕರೆದ. ನಿಮ್ಮ ಹೆಸರಿನಲ್ಲಿ ಬಸವನಿದ್ದರೂ ಶಿವನಿದ್ದರೂ ಅದರಿಂದ ಕ್ರಿಸ್ತನಿಗೆ ಅಡ್ಡಿಯಿಲ್ಲ. ಕನ್ನಡವೂ ಅವನಿಗೆ ಹೊಸದಲ್ಲ: ಪಕ್ಕದ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದು 1831ರ ಹೊತ್ತಿಗೆ ಪೂರ್ಣ ಸತ್ಯವೇದವನ್ನು ಕನ್ನಡದಲ್ಲಿ ತಂದರು, ನಿಘಂಟಿನ ಕಿಟೆಲ್ 1862ರಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸುಗಳಲ್ಲಿಯೇ ಕಥಾಮಾಲೆಯಾಗಿ ಬರೆದರು. ಕುಂಕುಮದ ಬಗ್ಗೆ ಕ್ರೈಸ್ತರಲ್ಲಿಯೇ ಒಮ್ಮತವಿಲ್ಲ. ಅದು ನಿಮ್ಮ ಪತ್ನಿಯ ಹಣೆ. ಅವರ ಮನಸ್ಸಾಕ್ಷಿಗೆ ಬಿಡಿ.

ಪಟದ ವಿಷಯದಲ್ಲಿ ಇಷ್ಟು ಸಲೀಸಾಗಿ ಹೇಳಲಾರೆ, ಮೆತ್ತಗೆ ಹೇಳಿ ನಿಮ್ಮನ್ನು ಮೋಸಗೊಳಿಸಲೂ ಆರೆ. ಜಗಲಿಯ ಮೇಲೆ ಇನ್ನೊಂದು ಪಟವಾಗಿ ಸೇರಿಕೊಳ್ಳಲು ಯೇಸು ಒಪ್ಪುವುದಿಲ್ಲ. ಥೆಸಲೊನೀಕದವರು ಜೀವವುಳ್ಳ ದೇವರನ್ನು ಸೇವಿಸಲು ವಿಗ್ರಹಗಳನ್ನು ಬಿಟ್ಟು ತಿರುಗಿಕೊಂಡರು ಎಂದು ಪೌಲ ಬರೆಯುತ್ತಾನೆ. ಕರ್ತನು ಒಬ್ಬನೇ ಎನ್ನುವುದರಲ್ಲಿ ಸುವಾರ್ತೆಗೆ ರಾಜಿ ಇಲ್ಲ. ಬಹಳ ಜನ ಇಲ್ಲಿಗೆ ಬಂದು ನಿಂತುಬಿಡುತ್ತಾರೆ, ನಿಲ್ಲುವವರನ್ನು ನಾನು ಹೀಯಾಳಿಸುವುದಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಲಿ ಎಂದು ಯೇಸುವೇ ಹೇಳಿದ್ದಾನೆ. ನೀವು ಧರಿಸುವ ಇಷ್ಟಲಿಂಗದ ಪ್ರಶ್ನೆ ಇದರೊಳಗೇ ಬರುತ್ತದೆ. ಕ್ರಿಸ್ತನಿಗೆ ಪೂರ್ತಿ ಒಪ್ಪಿಸಿಕೊಂಡ ದಿನ ಅದನ್ನು ನೀವು ಪೂಜಿಸಲಾರಿರಿ. ಆದರೆ ಅದನ್ನು ಕಿತ್ತೆಸೆಯುವುದು, ಹೊಳೆಗೆ ಬಿಟ್ಟು ಸಾಕ್ಷಿ ಹೇಳುವುದು, ತಂದೆಯ ಪೂಜೆಯನ್ನು ಹಳಿಯುವುದು, ಇವು ಯಾವುವೂ ಬೇಡ. ಎಫೆಸದಲ್ಲಿ ಗಲಭೆಯಾದಾಗ ಆ ಊರಿನ ಅಧಿಕಾರಿಯೇ, ಈ ಮನುಷ್ಯರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದು ಪೌಲನ ಸಂಗಡಿಗರ ಪರ ಮಾತಾಡಿದ. ನಮ್ಮವರ ಬಗ್ಗೆ ನೆರೆಯವರು ಹಾಗೆ ಹೇಳುವಂತಿರಬೇಕು.

ಇಷ್ಟು ನಿಮಗೆ ಹೇಳಿದ ಮೇಲೆ ಹುಟ್ಟು ಕ್ರೈಸ್ತರಿಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಶಿಶುವಾಗಿದ್ದಾಗ ದೀಕ್ಷಾಸ್ನಾನ, ಕ್ರಿಸ್‌ಮಸ್ಸಿಗೆ ಹೊಸ ಬಟ್ಟೆ, ಶುಭ ಶುಕ್ರವಾರ ಕಪ್ಪು ಬಟ್ಟೆ, ಸತ್ತಾಗ ಸಮಾಧಿಗೆ ಜಾಗ, ಇಷ್ಟರಲ್ಲೇ ತೃಪ್ತರಾದವರು ನಮ್ಮಲ್ಲಿ ತುಂಬ ಇದ್ದಾರೆ. ಮದುವೆಗೆ ಹುಡುಗಿ ನೋಡುವಾಗ ಹಳೆಯ ಜಾತಿಯನ್ನು ಕೇಳುವವರೂ ಇದ್ದಾರೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಎದ್ದು ದೂರ ಕುಳಿತಾಗ, ಇವನು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದು ಪೌಲ ಎಲ್ಲರೆದುರಿಗೆ ಅವನನ್ನು ಗದರಿದ್ದು ಗಲಾತ್ಯದ ಪತ್ರದಲ್ಲಿದೆ. ಪಂಕ್ತಿಭೇದವನ್ನು ಶಿಷ್ಟಾಚಾರದ ತಪ್ಪೆಂದು ಅವನು ನೋಡಲಿಲ್ಲ, ಸುವಾರ್ತೆಯನ್ನೇ ಅಲ್ಲಗಳೆದದ್ದೆಂದು ನೋಡಿದ. ಕಲ್ಯಾಣದ ಶರಣರು ಇದಕ್ಕಾಗಿ ತಲೆ ಕೊಟ್ಟ ನೆಲದಲ್ಲಿ ಒಂದು ಕ್ರೈಸ್ತ ಸಭೆ ಜಾತಿ ಎಣಿಸುತ್ತದೆಯಾದರೆ ಆ ಸಭೆಗೇ ಇನ್ನೂ ಮನಃಪರಿವರ್ತನೆ ಆಗಬೇಕಾಗಿದೆ. ನೀವು ಸೇರುವ ಸಭೆಯಲ್ಲಿ ಇದನ್ನು ಗಮನಿಸಿ.

ನಾವು ಕ್ರೈಸ್ತರಾಗಿದ್ದೇವೆಯೋ ಎಂದು ಕೇಳಿದಿರಿ. ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು, ತಿಳಿದು, ವಾದಿಸಿ, ಒಪ್ಪಿಯೇ ಪಡೆದರು. ಆದರೂ ಸುಮಾರು ಎಂಟು ವರ್ಷಗಳಾದ ಮೇಲೆ, ತನಗೆ ಅದುವರೆಗೆ ಕ್ರೈಸ್ತ ಧರ್ಮ ದೊರಕಿತ್ತೇ ಹೊರತು ಕ್ರಿಸ್ತನು ದೊರಕಿರಲಿಲ್ಲ ಎಂದು ಕಂಡುಕೊಂಡೆನೆಂದು ತಮ್ಮ ಸಾಕ್ಷಿಯಲ್ಲಿ ಬರೆದರು. ವಿಧವೆಯರಿಗಾಗಿ ಶಾರದಾ ಸದನ ನಡೆಸುತ್ತಿದ್ದ, ಸಂಸ್ಕೃತದ ಮಹಾ ವಿದುಷಿಯ ಮಾತು ಅದು. ಹೀಗಾಗಿ ಒಂದೇ ದಿನ, ಒಂದೇ ಗಳಿಗೆ ಎಂದು ಹಟ ಹಿಡಿಯಬೇಡಿ. ಕೆಲವರಿಗೆ ಫಿಲಿಪ್ಪಿ ಪಟ್ಟಣದ ಸೆರೆಮನೆಯ ಯಜಮಾನನಂತೆ ಒಂದೇ ರಾತ್ರಿಯಲ್ಲಿ ಆಗುತ್ತದೆ. ತಾನು ಕಾಲಿಗೆ ಕೋಳ ಹಾಕಿದ್ದ ಕೈದಿಗಳ ಗಾಯವನ್ನು ಆ ರಾತ್ರಿಯೇ ಅವನು ತೊಳೆದ. ಕೆಲವರಿಗೆ ವರ್ಷಗಳು ಹಿಡಿಯುತ್ತವೆ. ಮೂರ್ಛೆ ಮತ್ತೆ ಎಂದೂ ನಿಲ್ಲದಿದ್ದರೂ ನನಗೆ ಕ್ರಿಸ್ತ ಬೇಕೇ? ಈ ಒಂದು ಪ್ರಶ್ನೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಬೇಕು ಎನ್ನಲು ನಾಲಗೆ ತಡವರಿಸಿದರೆ ಅದನ್ನೇ ಪ್ರಾರ್ಥನೆಯಲ್ಲಿ ಹೇಳಿಬಿಡಿ, ಮಾರ್ಕನ ಸುವಾರ್ತೆಯ ಆ ತಂದೆ ಕೂಗಿದಂತೆ.

ಈಗ ದೀಕ್ಷಾಸ್ನಾನದ ದಿನಾಂಕ ಹಾಕಬೇಡಿ. ರೋಮಿನ ಹಳೆಯ ಬೋಧಕ ಹಿಪ್ಪೊಲಿತನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಸಭಾ ನಿಯಮಾವಳಿಯ ಪ್ರಕಾರ ಹೊಸಬರು ಮೂರು ವರ್ಷ ವಾಕ್ಯ ಕೇಳಬೇಕಿತ್ತು, ಶ್ರದ್ಧೆ ಕಂಡರೆ ಬೇಗ ಸೇರಿಸಿಕೊಳ್ಳುತ್ತಿದ್ದರು. ದೀಕ್ಷಾಸ್ನಾನಕ್ಕೆ ಮೊದಲು ಕೇಳುತ್ತಿದ್ದದ್ದು ವಿಧವೆಯರನ್ನು ಗೌರವಿಸಿದರೇ, ರೋಗಿಗಳನ್ನು ನೋಡಹೋದರೇ ಎಂದು. ಮಾರ್ಕನ ಸುವಾರ್ತೆ ಹದಿನಾರೇ ಅಧ್ಯಾಯ, ದಿನಕ್ಕೊಂದರಂತೆ ಓದಿ. ಆಮೇಲೆ ಲೂಕ, ಆಮೇಲೆ ರೋಮಾಪುರದವರಿಗೆ ಬರೆದ ಪತ್ರ. ಅವಸರ ಮಾಡದ, ಔಷಧ ಬಿಡಿಸದ, ಹಣದ ಲೆಕ್ಕವನ್ನು ಎಲ್ಲರ ಮುಂದೆ ಇಡುವ ಸಭೆಯನ್ನು ಹುಡುಕಿ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಗಲಿ, ಕಥೋಲಿಕ ಧರ್ಮಸಭೆಯಾಗಲಿ, ಬೇರೆ ಸಭೆಯಾಗಲಿ, ದೊಡ್ಡವರನ್ನು ಸೇರಿಸಿಕೊಳ್ಳುವ ಮೊದಲು ತಾಳ್ಮೆಯಿಂದ ಕಲಿಸುವವರು ಎಲ್ಲೆಡೆ ಇದ್ದಾರೆ. ತಂದೆಯವರಿಗೆ ಎಲ್ಲವನ್ನೂ ನೀವೇ ಹೇಳಿ, ಬೇರೆಯವರ ಬಾಯಿಂದ ಅವರು ಕೇಳುವಂತಾಗಬಾರದು. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸಿದವರನ್ನು ಯೇಸು ಕಟುವಾಗಿ ಖಂಡಿಸಿದ್ದಾನೆ. ಅಣ್ಣನ ಮನೆಯ ಬಾಗಿಲನ್ನು ನೀವಾಗಿ ಮುಚ್ಚಬೇಡಿ. ಅವನು ಕರೆಯದಿದ್ದರೂ ಕಷ್ಟಕ್ಕೆ ಮೊದಲು ಹೋಗುವವರು ನೀವಾಗಿರಿ.

ಕೊನೆಯದಾಗಿ, ನಿಮ್ಮ ಕಾಗದದುದ್ದಕ್ಕೂ ‘ನಂಬಿದೆವು’, ‘ಇಟ್ಟೆವು’, ‘ನಿಲ್ಲಿಸಿದೆವು’ ಎಂದಿದೆ. ಕಾಯಿಲೆ ನಿಮ್ಮ ಪತ್ನಿಯದು, ಹಣೆ ಅವರದು, ಕೊರತೆಯ ಮಾತು ತಗುಲಿದ್ದು ಅವರಿಗೆ, ಅವರು ಏನು ಹೇಳುತ್ತಾರೆಂದು ಮಾತ್ರ ಒಂದು ಸಾಲಿನಲ್ಲಿಯೂ ಇಲ್ಲ. ಫಿಲಿಪ್ಪಿಯ ಹೊಳೆಯ ದಂಡೆಯಲ್ಲಿ ಕರ್ತನು ತೆರೆದದ್ದು ಲುದ್ಯ ಎಂಬ ಹೆಣ್ಣುಮಗಳ ಹೃದಯವನ್ನು, ಅವಳ ಪರವಾಗಿ ಯಾರೂ ಉತ್ತರ ಕೊಡಲಿಲ್ಲ. ಗಂಡ ತಿರುಗಿದರೆ ಹೆಂಡತಿಯೂ ತಿರುಗಿದಂತೆ ಎಂಬ ಲೆಕ್ಕ ಸುವಾರ್ತೆಯಲ್ಲಿಲ್ಲ. ಈ ಉತ್ತರವನ್ನು ಅವರಿಗೆ ಓದಲು ಕೊಡಿ. ಅವರಿಗೆ ಬೇರೆ ಪ್ರಶ್ನೆಗಳಿದ್ದರೆ, ನಿಮ್ಮ ಪ್ರಶ್ನೆಗಳಿಗಿಂತ ಭಿನ್ನವಾಗಿದ್ದರೂ, ನಿಮಗೆ ತೋರಿಸದೆಯೇ ಅವರೇ ನನಗೆ ಬರೆಯಲಿ, ಉತ್ತರಿಸುತ್ತೇನೆ.